ಬಂಪರ್ ಕೆಳಗೆ ನೇತಾಡೋ ವೈರು

'ಐಸ್ ರೋಡ್ ಟ್ರಕರ್ಸ್' ಒಂದು ಎಪಿಸೋಡನ್ನಾದರೂ ನೋಡದೇ ಇರೋರು ನಮ್ಮ ಪೈಕಿ ಕಡಿಮೆ ಅನ್ಸತ್ತೆ. ಹಿಸ್ಟರಿ ಚಾನೆಲ್‌ನಲ್ಲಿ 2007ರಲ್ಲಿ ಶುರುವಾಗಿ 2017ರ ತನಕ ಹನ್ನೊಂದು ಸೀಸನ್ ಓಡಿದ ಕಾರ್ಯಕ್ರಮ. ಈಗಲೂ ರಾತ್ರಿ ತಟ್ಟೆ ಹಿಡಿದುಕೊಂಡು ಫೋನಲ್ಲಿ ಅದರ ತುಣುಕು ನೋಡೋರಿದ್ದಾರೆ. ನಾನೂ ಅವರಲ್ಲಿ ಒಬ್ಬ, ಹಾಗಾಗಿ ಇದನ್ನ ದ್ವೇಷದಿಂದ ಬರೀತಿಲ್ಲ. ಹೆಪ್ಪುಗಟ್ಟಿದ ಸರೋವರ, ಅದರ ಮೇಲೆ ಉದ್ದಾನುದ್ದ ಲಾರಿ, ಕೆಳಗೆ ಬರ್ಫ ಕಟಕಟ ಅನ್ನೋ ಸದ್ದು, ನಿರ್ಮಾಪಕ ಥಾಮ್ ಬೀರ್ಸ್ ತಾನೇ ಕೊಟ್ಟಿರೋ ಗಡಸು ದನಿಯ ನಿರೂಪಣೆ. ಕೈಯಲ್ಲಿರೋ ತುತ್ತು ಬಾಯಿಗೆ ಹೋಗಲ್ಲ.

ಮೊದಲ ಸೀಸನ್ನುಗಳ ಟೈಟಲ್ ನೆನಪಿದೆಯಾ? ಲಾರಿಯೊಂದು ಬರ್ಫ ಒಡೆದು ನೀರಿಗೆ ಬೀಳತ್ತೆ. ಅದು ಸ್ಟುಡಿಯೋದಲ್ಲಿ ಪುಟ್ಟ ಮಾಡೆಲ್ ಇಟ್ಟು ತೆಗೆದ ಶಾಟು. ನನ್ನ ತಕರಾರು ಅದು ಸುಳ್ಳು ಅನ್ನೋದಲ್ಲ. ರಿಯಾಲಿಟಿ ಶೋ ಅಂದಮೇಲೆ ರಿಯಾಲಿಟಿ ಹುಡುಕೋದು ಹೋಟೆಲ್ ಸಾಂಬಾರಲ್ಲಿ ಅಮ್ಮನ ಕೈರುಚಿ ಹುಡುಕಿದ ಹಾಗೆ. ನನ್ನ ತಕರಾರು ಬೇರೆ: ಈ ಕಾರ್ಯಕ್ರಮ ಅಪಾಯವನ್ನ ತಪ್ಪು ಜಾಗದಲ್ಲಿ ಇಟ್ಟಿದೆ. ಹತ್ತು ವರ್ಷ ಕ್ಯಾಮೆರಾ ಹೊತ್ತು ಚಳಿಯ ನಾಡಲ್ಲಿ ಓಡಾಡಿ, ಚಳಿ ಮನುಷ್ಯನನ್ನ ಹೇಗೆ ಹಿಡಿಯತ್ತೆ ಅನ್ನೋದನ್ನ ಮಾತ್ರ ಪಕ್ಕಕ್ಕೆ ಸರಿಸಿಬಿಟ್ಟಿದೆ.

ಮೊದಲ ಸೀಸನ್ನಿನ ರಸ್ತೆಯನ್ನೇ ತಗೊಳ್ಳಿ. ಕೆನಡಾದ ಯೆಲ್ಲೋನೈಫ್ ಪಟ್ಟಣದಿಂದಾಚೆ ಶುರುವಾಗೋ ಟಿಬ್ಬಿಟ್–ಕಾಂಟ್‌ವಾಯ್ಟೋ ಚಳಿಗಾಲದ ರಸ್ತೆ. 1982ರಿಂದ ಪ್ರತಿವರ್ಷ ಹೊಸದಾಗಿ ಕಟ್ಟಿ, ಪ್ರತಿವರ್ಷ ಕರಗಿಹೋಗೋ ರಸ್ತೆ ಅದು. ಮೊದಲು ಲೂಪಿನ್ ಚಿನ್ನದ ಗಣಿಗೆ, ಆಮೇಲೆ ಎಕಾಟಿ, ಡಯಾವಿಕ್ ವಜ್ರದ ಗಣಿಗಳಿಗೆ ಡೀಸೆಲ್ಲು, ಸಿಮೆಂಟು, ಯಂತ್ರ ಎಲ್ಲಾ ಹೋಗೋದು ಇದರ ಮೇಲೆ. ಬಹುಪಾಲು ದಾರಿ ಸರೋವರಗಳ ಮೇಲೇ. ವರ್ಷಕ್ಕೆ ತೆರೆದಿರೋದು ಹೆಚ್ಚುಕಮ್ಮಿ ಎರಡು ತಿಂಗಳು. 2006ರಲ್ಲಿ ಚಳಿ ಸಾಲದೆ ರಸ್ತೆ ಬೇಗ ಮುಚ್ಚಿತು, ಉಳಿದ ಸಾಮಾನನ್ನ ದುಬಾರಿ ಖರ್ಚಲ್ಲಿ ವಿಮಾನದಲ್ಲಿ ಸಾಗಿಸಬೇಕಾಯ್ತು. ಮರುವರ್ಷ, ಅಂದರೆ ಶೋ ಚಿತ್ರೀಕರಣ ಆದ 2007ರಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಲೋಡ್ ಹೋಯ್ತು.

ಶೋನಲ್ಲಿ ಇದು ರೇಸು. ಯಾರು ಎಷ್ಟು ಲೋಡ್ ಹೊಡೆದರು ಅಂತ ಸ್ಕೋರ್‌ಬೋರ್ಡ್ ಬೇರೆ ಬರತ್ತೆ. ನಿಜವಾದ ರಸ್ತೆಯಲ್ಲಿ ತುಂಬಿದ ಲಾರಿಯ ವೇಗದ ಮಿತಿ ಎಷ್ಟು ಗೊತ್ತಾ? ಗಂಟೆಗೆ 25 ಕಿಲೋಮೀಟರ್. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದ ಮೇಲೆ ನಮ್ಮ ಬಿಎಂಟಿಸಿ ಬಸ್ಸು ಇದಕ್ಕಿಂತ ಜೋರಾಗಿ ಹೋಗತ್ತೆ. ಕಾರಣ ಸರಳ: ಬರ್ಫದ ಹಲಗೆ ನೀರಿನ ಮೇಲೆ ತೇಲ್ತಾ ಇರತ್ತೆ. ಭಾರದ ಲಾರಿ ಬಂದಾಗ ಹಲಗೆ ಬಗ್ಗತ್ತೆ, ಕೆಳಗಿನ ನೀರಲ್ಲಿ ಅಲೆ ಏಳತ್ತೆ. ಲಾರಿ ಅಲೆಯ ವೇಗಕ್ಕೆ ಸರಿಸಮ ಓಡಿದರೆ ಅಲೆ ದೊಡ್ಡದಾಗಿ ದಡದ ಹತ್ತಿರ ಬರ್ಫ ಒಡೆಯತ್ತೆ. ಹಾಗಾಗಿ ನಿಧಾನ, ಅಂತರ ಕಾಯ್ದುಕೊಂಡು, ಗಂಟೆಗಟ್ಟಲೆ. ಬರ್ಫದ ದಪ್ಪ ಅಳೆಯೋಕೆ ಜನ ಇದ್ದಾರೆ, ವೇಗ ನೋಡೋಕೆ ಜನ ಇದ್ದಾರೆ. ಇಷ್ಟು ಕಾವಲಿರೋ ಜಾಗದಲ್ಲಿ ನಿಮಿಷಕ್ಕೊಮ್ಮೆ ಲಾರಿ ಮುಳುಗೋ ಭಯ ಹುಟ್ಟಿಸಬೇಕಾದರೆ ಸ್ಟುಡಿಯೋ ಮಾಡೆಲ್ ಬೇಕೇ ಬೇಕು.

ಹಾಗಾದರೆ ಅಪಾಯ ಎಲ್ಲಿದೆ? ಲಾರಿ ಹೊರಡೋದಕ್ಕೆ ಮುಂಚೆ ಇದೆ. ಬೆಳಗ್ಗೆ ಆರು ಗಂಟೆಗೆ, ಮೈನಸ್ 40ರಲ್ಲಿ, ಕೀ ತಿರುಗಿಸೋ ಆ ಐದು ಸೆಕೆಂಡಲ್ಲಿ ಇದೆ. (ಮೈನಸ್ 40 ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳೋ ಹಾಗೇ ಇಲ್ಲ. ಎರಡೂ ಒಂದೇ ಆಗೋ ಜಾಗ ಅದು.)

ಸ್ವಲ್ಪ ತಾಂತ್ರಿಕ ವಿಷಯ, ಬೇಜಾರು ಮಾಡ್ಕೋಬೇಡಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನ ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಚಿಮುಕಿಸಿದರೆ ತಾನೇ ಹತ್ತಿಕೊಳ್ಳತ್ತೆ. ಹಳೇ ಮಹೀಂದ್ರ ಜೀಪು, ಡೀಸೆಲ್ ಅಂಬಾಸಿಡರ್ ಓಡಿಸಿದವರು ಮನೆಯಲ್ಲಿದ್ದರೆ ಕೇಳಿ, ಚಳಿಗಾಲದ ಬೆಳಗ್ಗೆ 'ಹೀಟರ್ ಹಾಕಿ, ಸ್ವಲ್ಪ ತಡೆದು ಸೆಲ್ಫ್ ಹೊಡಿ' ಅಂತಿದ್ದರು. ಆ ಹೀಟರ್ ಸಿಲಿಂಡರ್ ಒಳಗಿನ ಸಣ್ಣ ಕಡ್ಡಿಯನ್ನ ಕೆಲವು ಸೆಕೆಂಡ್ ಕಾಯಿಸೋ ಗ್ಲೋ ಪ್ಲಗ್. ನಮ್ಮ ಹಾಸನ, ಮಡಿಕೇರಿ ಚಳಿಗೆ ಅದು ಸಾಕಾಗ್ತಿತ್ತು.

ಈಗ ಒಂದು ಅಂದಾಜು ಲೆಕ್ಕ. ಎಂಜಿನ್ ಗಾಳಿಯನ್ನ ಹದಿನೇಳರಲ್ಲಿ ಒಂದು ಪಾಲಿಗೆ ಒತ್ತತ್ತೆ ಅಂತಿಟ್ಟುಕೊಳ್ಳಿ. ಸ್ಟಾರ್ಟಿಂಗ್‌ನಲ್ಲಿ ನಿಧಾನವಾಗಿ ತಿರುಗುವಾಗ ಸೋರಿಹೋಗೋ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದರೆ, ಬೆಂಗಳೂರಿನ 25 ಡಿಗ್ರಿ ಗಾಳಿ ಒತ್ತಿದ ಮೇಲೆ ಸುಮಾರು 330 ಡಿಗ್ರಿ ಮುಟ್ಟತ್ತೆ. ಮೈನಸ್ 40ರ ಗಾಳಿಯನ್ನ ಅದೇ ಎಂಜಿನ್ ಒತ್ತಿದರೆ ಹೆಚ್ಚುಕಮ್ಮಿ 200. ಡೀಸೆಲ್ ತಾನಾಗೇ ಹತ್ತಿಕೊಳ್ಳೋಕೆ ಕನಿಷ್ಠ 210 ಡಿಗ್ರಿ ಆಸುಪಾಸು ಬೇಕು, ಓಡೋ ಎಂಜಿನ್ನಿನಲ್ಲಿ ಸಿಗೋ ಚೂರು ಸಮಯದಲ್ಲಿ ಹತ್ತಬೇಕಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ಅಂದರೆ ಬೆಂಕಿಯೇ ಹುಟ್ಟಲ್ಲ. ಎಷ್ಟು ಸೆಲ್ಫ್ ಹೊಡೆದರೂ ಬಿಳೀ ಹೊಗೆ ಮಾತ್ರ.

ಇದು ಒಂದು ಕಷ್ಟ. ಇನ್ನೂ ಇವೆ, ಎಲ್ಲಾ ಒಟ್ಟಿಗೇ ಬರತ್ತೆ. ಬ್ಯಾಟರಿ ಮೈನಸ್ 18ರಲ್ಲೇ ಅರ್ಧ ಶಕ್ತಿ ಕಳ್ಕೊಂಡಿರತ್ತೆ. ದೊಡ್ಡ ಲಾರಿಯ ಎಂಜಿನ್ನಲ್ಲಿ 40 ಲೀಟರ್ ಆಸುಪಾಸು ಆಯಿಲ್ ಇರತ್ತೆ. ನಮ್ಮಲ್ಲಿ ಎಲ್ಲಾ ಲಾರಿಗೂ ಹಾಕೋ 15ಡಬ್ಲ್ಯು-40 ಆಯಿಲನ್ನ ಮೈನಸ್ 20ರ ತನಕ ಮಾತ್ರ ಸೆಲ್ಫ್ ತಿರುಗಿಸೋ ಹಾಗಿರಬೇಕು ಅಂತ ಪರೀಕ್ಷೆ ಮಾಡಿರ್ತಾರೆ. ಮೈನಸ್ 40ರಲ್ಲಿ ಅದು ಜೋನಿಬೆಲ್ಲ. ಅರ್ಧ ಸತ್ತ ಬ್ಯಾಟರಿ, ಜೋನಿಬೆಲ್ಲದಲ್ಲಿ ಹೂತ ಕ್ರ್ಯಾಂಕು. ಡೀಸೆಲ್ ಒಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟತ್ತೆ. ಏರ್ ಬ್ರೇಕ್ ಪೈಪಲ್ಲಿ ಸೇರಿದ ತೇವ ಹೆಪ್ಪುಗಟ್ಟತ್ತೆ. ರಾತ್ರಿಯಿಡೀ ನಿಂತ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಹೊರಟ ಮೇಲೆ ಒಂದಷ್ಟು ದೂರ ಚೌಕದ ಗಾಲಿಯ ಹಾಗೆ ಕುಲುಕತ್ತೆ.

ಇಷ್ಟಕ್ಕೆಲ್ಲ ಮದ್ದು ಅಂತ ಅಲ್ಲ, ಆದರೆ ಮೊದಲ ಮದ್ದು ಬ್ಲಾಕ್ ಹೀಟರ್. ನೋಡೋಕೆ ನಮ್ಮ ಬಕೆಟ್ಟಿಗೆ ಹಾಕೋ ವಾಟರ್ ಹೀಟರ್ ಕಾಯಿಲ್‌ನ ತಮ್ಮನ ಹಾಗಿರತ್ತೆ. ಎಂಜಿನ್ನಿನ ಬ್ಲಾಕಿನಲ್ಲಿ ಕೂಲೆಂಟ್ ಓಡಾಡೋ ಜಾಗಕ್ಕೆ ಅದನ್ನ ಕೂರಿಸಿ, ವೈರನ್ನ ಮುಂದಿನ ಗ್ರಿಲ್ ಆಚೆ ಬಿಟ್ಟಿರ್ತಾರೆ. ರಾತ್ರಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸೋದು. ಕಾರಿಗೆ 400 ವ್ಯಾಟ್‌ನಿಂದ ಶುರು, ದೊಡ್ಡ ಲಾರಿಗೆ 1,500ರ ತನಕ. ಕೂಲೆಂಟ್ ಬಿಸಿಯಾಗಿ, ಅದರಿಂದ ಕಬ್ಬಿಣ ಬಿಸಿಯಾಗಿ, ಸಿಲಿಂಡರ್ ಗೋಡೆ ಬೆಚ್ಚಗಾದರೆ ಒತ್ತಿದ ಗಾಳಿಯ ಶಾಖ ಕಬ್ಬಿಣದ ಪಾಲಾಗಲ್ಲ. ಬೆಳಗ್ಗೆ ಎಂಜಿನ್ನಿಗೆ ಮೈನಸ್ 40 ಅನ್ನೋದೇ ಗೊತ್ತಾಗಲ್ಲ.

ಇದರ ಹಿಂದಿರೋ ಮನುಷ್ಯನ ಕಥೆ ಚೆನ್ನಾಗಿದೆ. ಅಮೆರಿಕದ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಆಂಡ್ರ್ಯೂ ಫ್ರೀಮನ್. ಎಂಜಿನ್ನಿನ ತಲೆಯನ್ನ ಬಿಗಿಯೋ ಬೋಲ್ಟುಗಳಲ್ಲಿ ಒಂದನ್ನ ತೆಗೆದು, ಅದರ ಜಾಗಕ್ಕೆ ಒಳಗೆ ಹೀಟರ್ ಇರೋ ಟೊಳ್ಳು ಬೋಲ್ಟ್ ಹಾಕೋದು ಅವನ ಐಡಿಯಾ. 1949ರ ನವೆಂಬರ್ 8ಕ್ಕೆ ಪೇಟೆಂಟ್ ಸಿಕ್ತು. ಕೆಲಸದಲ್ಲಿ ಅವನು ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಮ್ಯಾನೇಜರ್! ರೈತರಿಗೆ ಕರೆಂಟು ಕೊಡೋನೇ ರಾತ್ರಿಯಿಡೀ ಕರೆಂಟು ಕುಡಿಯೋ ಸಾಮಾನು ಕಂಡುಹಿಡಿದ. ನಾವು ನಗಬಹುದು, ಆದರೆ ಅದಕ್ಕೂ ಮುಂಚೆ ಜನ ಏನು ಮಾಡ್ತಿದ್ರು ಅಂತ ನೋಡಿ. ಉತ್ತರದ ಕಾಡುಗಳಲ್ಲಿ ಸಣ್ಣ ವಿಮಾನ ಹಾರಿಸೋ ಪೈಲಟ್‌ಗಳು ರಾತ್ರಿ ಇಳಿದ ಕೂಡಲೇ, ತಾವು ಊಟ ಮಾಡೋಕೂ ಮುಂಚೆ, ಎಂಜಿನ್ ಆಯಿಲನ್ನ ಡಬ್ಬಕ್ಕೆ ಬಸಿದು ಒಳಗೆ ಒಲೆ ಹತ್ತಿರ ಇಡ್ತಿದ್ರು. ಬೆಳಗ್ಗೆ ಎಂಜಿನ್ನಿಗೆ ಕ್ಯಾನ್‌ವಾಸ್ ಗುಡಾರ ಹೊದಿಸಿ, ಕೆಳಗೆ ಸೀಮೆಎಣ್ಣೆ ಸ್ಟವ್ ಹಚ್ಚಿ, ಬೆಂಕಿ ಕ್ಯಾನ್‌ವಾಸಿಗೆ ಹತ್ತದ ಹಾಗೆ ಕಾವಲು ಕೂತು, ಬಿಸಿ ಆಯಿಲ್ ಸುರಿದು ಆಮೇಲೆ ಸ್ಟಾರ್ಟ್. ಕಾವಲು ಕೂತವನು ತೂಕಡಿಸಿದರೆ ವಿಮಾನವೇ ಇಲ್ಲ. ಬಾಣಂತಿ ಆರೈಕೆ ಇದ್ದ ಹಾಗೆ.

ಈಗ ಕೆನಡಾದ ವಿನಿಪೆಗ್, ಎಡ್ಮಂಟನ್ ಕಡೆ ಆಫೀಸು, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ಗಳಲ್ಲಿ ಕಾರಿಗೊಂದು ಪ್ಲಗ್ ಪಾಯಿಂಟ್ ಇರೋದು ಮಾಮೂಲು. ಅಲ್ಲಿಗೆ ಹೋದ ನಮ್ಮವರು ಮೊದಲ ಚಳಿಗಾಲದಲ್ಲಿ ಕಾರಿನ ಫೋಟೋ ಕಳಿಸಿದರೆ 'ಎಲೆಕ್ಟ್ರಿಕ್ ಕಾರಾ?' ಅಂತ ಮನೆಯವರು ಕೇಳೋದು ಸಹಜ. ಪೆಟ್ರೋಲ್ ಕಾರು, ಮೂಗಿಂದ ವೈರು ನೇತಾಡ್ತಿದೆ ಅಷ್ಟೇ. ಪ್ಲಗ್ ಕೀಳೋದು ಮರೆತು ವೈರು ಎಳ್ಕೊಂಡೇ ಆಫೀಸಿಗೆ ಹೋಗೋರೂ ಇದ್ದಾರೆ. ಎಕ್ಸ್‌ಟೆನ್ಷನ್ ವೈರು ಕೂಡ ಚಳಿಗೆ ಅಂತಲೇ ಮಾಡಿದ್ದಾಗಿರಬೇಕು. ಸಾಧಾರಣ ಪ್ಲಾಸ್ಟಿಕ್ ವೈರು ಆ ಚಳಿಗೆ ಕೋಲಿನ ಹಾಗೆ ಸೆಟೆದು ಸೀಳಿಬಿಡತ್ತೆ.

ಒಂದು ಸಣ್ಣ ಲೆಕ್ಕ ಮಾಡಿದರೆ ಶೋ ಎಂಥ ಕಥೆ ಕೈಬಿಟ್ಟಿದೆ ಅಂತ ಗೊತ್ತಾಗತ್ತೆ. 1,500 ವ್ಯಾಟ್ ಹೀಟರ್ ಹತ್ತು ಗಂಟೆ ಓಡಿದರೆ 15 ಯೂನಿಟ್. ಟೈಮರ್ ಹಾಕಿ ಹೊರಡೋ ಮುಂಚಿನ ಮೂರು ಗಂಟೆ ಮಾತ್ರ ಓಡಿಸಿದರೆ ನಾಲ್ಕೂವರೆ. ಪ್ಲಗ್ ಇಲ್ಲದ ಕಡೆ ಎಂಜಿನ್ ಆಫ್ ಮಾಡದೇ ಇಡೀ ರಾತ್ರಿ ಬಿಟ್ಟರೆ, ಗಂಟೆಗೆ ಸುಮಾರು ಮೂರು ಲೀಟರ್ ಹಾಗೆ 30 ಲೀಟರ್ ಡೀಸೆಲ್ ಹೊಗೆ. ಮಧ್ಯದ ದಾರಿಯೂ ಇದೆ. ವೆಬಾಸ್ಟೋ, ಎಸ್ಪಾರ್ ಥರದ ಹೀಟರ್‌ಗಳು ಟ್ಯಾಂಕಿನ ಡೀಸೆಲನ್ನೇ ಚೂರುಚೂರು ಉರಿಸಿ ಕೂಲೆಂಟ್ ಬಿಸಿಯಾಗಿ ಇಡತ್ತೆ. ಅದರ ಪುಟ್ಟ ಫ್ಯಾನು, ಪಂಪು ಬ್ಯಾಟರಿ ಮೇಲೆ ಓಡೋದು. ಬ್ಯಾಟರಿ ಕೈಕೊಟ್ಟರೆ ಎರಡೂ ಹೋಯ್ತು. ಯಾವುದನ್ನ ನಂಬೋದು, ಯಾವುದಕ್ಕೆ ದುಡ್ಡು ಹಾಕೋದು, ಈ ರಾತ್ರಿ ಎಂಜಿನ್ ಆಫ್ ಮಾಡೋದಾ ಬೇಡವಾ, ಇದು ಸ್ವಂತ ಲಾರಿಯ ಡ್ರೈವರ್ ದಿನಾ ರಾತ್ರಿ ಆಡೋ ಜೂಜು. ಇರೋದೇ ಎರಡು ತಿಂಗಳ ಸೀಸನ್. ಒಂದು ಬೆಳಗ್ಗೆ ಎಂಜಿನ್ ಎದ್ದೇಳದೇ ಇದ್ದರೆ ಒಂದು ಲೋಡಿನ ದುಡ್ಡು ಹೋಯ್ತು. ಹಟಕ್ಕೆ ಬಿದ್ದು ಈಥರ್ ಸ್ಪ್ರೇ ಹೊಡೆದು ಎಬ್ಬಿಸೋಕೆ ಹೋದರೆ, ಅದೂ ಗ್ಲೋ ಪ್ಲಗ್ ಇರೋ ಎಂಜಿನ್ನಿಗೆ, ಪಿಸ್ಟನ್ನೇ ಒಡೆದರೂ ಒಡೀತು.

ಶೋನಲ್ಲಿ ಇದು ಬರೋದೇ ಇಲ್ಲ ಅಂತಲ್ಲ. ಮೊದಲ ಸೀಸನ್ನಲ್ಲೇ ಲಾರಿ ಪದೇ ಪದೇ ಕೈಕೊಟ್ಟು ಕಂಗಾಲಾಗೋ ಡ್ರೈವರ್ ಇದ್ದಾನೆ. ಆದರೆ ಅವನನ್ನ ಕಟ್ಟಿಕೊಟ್ಟಿರೋ ರೀತಿ ನೋಡಿ: ಅದೃಷ್ಟಗೇಡಿ, ರೇಸಲ್ಲಿ ಹಿಂದೆ ಬಿದ್ದವನು, ಸ್ಕೋರ್‌ಬೋರ್ಡಲ್ಲಿ ಕೆಳಗಿನವನು. ಲಾರಿ ಕೆಟ್ಟದ್ದು ಕಥೆ, ಲಾರಿ ಕೆಡದ ಹಾಗೆ ನೋಡಿಕೊಂಡದ್ದು ಕಥೆಯಲ್ಲ. ಹ್ಯೂ ರೋಲೆಂಡ್ ಬೆಳಗ್ಗೆ ಸಲೀಸಾಗಿ ಹೊರಟುಬಿಡೋದನ್ನ ನಾವು ಅವನ 'ಪೋಲಾರ್ ಬೇರ್' ಗತ್ತು ಅಂದ್ಕೋತೀವಿ. ಹಿಂದಿನ ರಾತ್ರಿ ಆ ಎಂಜಿನ್ ಹೇಗೆ ಬೆಚ್ಚಗಿತ್ತು ಅಂತ ಯಾರೂ ಕೇಳಲ್ಲ. ಇದು ನಮಗೆ ಗೊತ್ತಿರೋ ಕಾಯಿಲೆಯೇ. ರಿಲೀಸ್ ರಾತ್ರಿ ಪ್ರೊಡಕ್ಷನ್ ಬಿದ್ದಾಗ ಮೂರು ಗಂಟೆಗೆ ಎದ್ದು ಸರಿ ಮಾಡಿದವನಿಗೆ ಇಡೀ ಟೀಮಿನ ಮುಂದೆ ಚಪ್ಪಾಳೆ. ಬೀಳದ ಹಾಗೆ ಆರು ತಿಂಗಳು ನೋಡಿಕೊಂಡವಳಿಗೆ ಅಪ್ರೈಸಲ್ಲಲ್ಲಿ 'ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್'.

ಮೂರನೇ ಸೀಸನ್ನಿಗೆ ಶೋ ಅಲಾಸ್ಕಾದ ಡಾಲ್ಟನ್ ಹೈವೇಗೆ ಹೋಗತ್ತೆ. 1974ರಲ್ಲಿ ತೈಲದ ಪೈಪ್‌ಲೈನಿಗೋಸ್ಕರ ಕಟ್ಟಿದ ರಸ್ತೆ, 666 ಕಿಲೋಮೀಟರ್. ಕೋಲ್ಡ್‌ಫುಟ್ ಅನ್ನೋ ಹೆಸರಿಗೆ ತಕ್ಕ ಜಾಗ ಬಿಟ್ಟರೆ ಡೆಡ್‌ಹಾರ್ಸ್ ತನಕ ಸುಮಾರು 385 ಕಿಲೋಮೀಟರ್ ಬಂಕೂ ಇಲ್ಲ, ಹೋಟೆಲೂ ಇಲ್ಲ. ಬೆಂಗಳೂರಿಂದ ಹೊರಟು ಹುಬ್ಬಳ್ಳಿ ಸಮೀಪಿಸೋ ತನಕ ಒಂದು ಟೀ ಅಂಗಡಿಯೂ ಸಿಗದ ಹಾಗೆ. ಇಲ್ಲಿ ಎಂಜಿನ್ ಅನ್ನೋದು ಬರೀ ಓಡಿಸೋ ಯಂತ್ರ ಅಲ್ಲ, ಡ್ರೈವರ್‌ನ ಮನೆಯ ಒಲೆ. ಅದು ಆರಿದರೆ ಕ್ಯಾಬಿನ್ ಬೇಗನೇ ಹೊರಗಿನ ಚಳಿಗೆ ಇಳಿಯತ್ತೆ. ಈ ಸೀಸನ್ನಲ್ಲಿ ಲೀಸಾ ಕೆಲ್ಲಿ ಬರ್ತಾಳೆ. ಇಡೀ ಶೋನಲ್ಲಿ ನನಗೆ ಇಷ್ಟವಾಗೋ ವ್ಯಕ್ತಿ ಅವಳು. ಅವಳು ಲಾರಿ ಸುತ್ತ ಓಡಾಡಿ ಚೈನು, ಬ್ರೇಕು ನೋಡ್ತಾ ಇರುವಾಗ ಕ್ಯಾಮೆರಾ ಸ್ವಲ್ಪ ಹೊತ್ತಾದರೂ ಕೈಗಳ ಮೇಲೆ ನಿಲ್ಲತ್ತೆ. ಆದರೆ ಹಿಂದೆ ನಗಾರಿ ಬಡಿದು, ಈಗ ಏನೋ ಆಗತ್ತೆ ಅಂತ ಹೆದರಿಸಿ, ಜಾಹೀರಾತು.

ಅಲಾಸ್ಕಾದಲ್ಲೇ ಇನ್ನೊಂದು ಕಥೆ ಇತ್ತು. ಫೇರ್‌ಬ್ಯಾಂಕ್ಸ್ ಪಟ್ಟಣದಲ್ಲಿ ಚಳಿಗಾಲದ ಗಾಳಿ ಮುಚ್ಚಳ ಹಾಕಿದ ಪಾತ್ರೆಯ ಹಾಗೆ ನಿಂತುಬಿಡತ್ತೆ. ತಣ್ಣಗಿನ ಎಂಜಿನ್‌ಗಳು ಸ್ಟಾರ್ಟ್ ಆಗುವಾಗ ಉಗುಳೋ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ಉಳಿಯತ್ತೆ. ಹಾಗಾಗಿ ಕಾರಿಗೆ ಪ್ಲಗ್ ಹಾಕೋದು ಅಲ್ಲಿ ಊರಿನ ಆರೋಗ್ಯದ ಪ್ರಶ್ನೆಯಾಯ್ತು, ಪಾರ್ಕಿಂಗ್‌ಗಳಲ್ಲಿ ಕರೆಂಟ್ ಕೊಡೋಕೆ ಒತ್ತಾಯ ಬಂತು. ಆ ಊರಿನ ಮೇಲೇ ಹಾದು ಹೋಗೋ ಲಾರಿಗಳ ಹಿಂದೆ ವರ್ಷಗಟ್ಟಲೆ ಸುತ್ತಿದ ಕಾರ್ಯಕ್ರಮಕ್ಕೆ ಇದು ಕಥೆ ಅನ್ನಿಸಲಿಲ್ಲ.

ಚಳಿಯನ್ನ ಬರೆಯೋದು ಹೇಗೆ ಅಂತ ಆ ನಾಡಿನಲ್ಲೇ ಒಬ್ಬ ತೋರಿಸಿಕೊಟ್ಟಿದ್ದ. ಜಾಕ್ ಲಂಡನ್‌ನ 'ಟು ಬಿಲ್ಡ್ ಎ ಫೈರ್', 1908ರ ಕಥೆ, ಯೂಕಾನ್‌ನಲ್ಲಿ ನಡೆಯೋದು. ಮೈನಸ್ 59 ಡಿಗ್ರಿಯಲ್ಲಿ ಒಬ್ಬ ಮನುಷ್ಯ, ಜೊತೆಗೊಂದು ನಾಯಿ. ಅವನೂ ಬರ್ಫ ಒಡೆದು ಬೀಳ್ತಾನೆ, ಆದರೆ ನೀರು ಒದ್ದೆ ಮಾಡೋದು ಕಾಲನ್ನಷ್ಟೇ. ಅದು ಅವನನ್ನ ಕೊಲ್ಲಲ್ಲ. ಕಾಲು ಒಣಗಿಸೋಕೆ ಬೆಂಕಿಯನ್ನ ಮರದ ಕೆಳಗೆ ಹಚ್ಚಿದ್ದು ಕೊಲ್ಲತ್ತೆ. ಕೊಂಬೆಯ ಮೇಲಿದ್ದ ಹಿಮ ಜಾರಿ ಬೆಂಕಿ ಆರಿಹೋಗತ್ತೆ, ಆಮೇಲೆ ಬೆಂಕಿಕಡ್ಡಿ ಹಿಡಿಯೋಕೆ ಬೆರಳೇ ಬಗ್ಗಲ್ಲ. ಕಥೆಯಲ್ಲಿ ಸ್ಫೋಟ ಇಲ್ಲ, ಚೇಸ್ ಇಲ್ಲ. ಬೆಂಕಿ ಎಲ್ಲಿ ಹಚ್ಚಬೇಕು ಅನ್ನೋ ಒಂದೇ ಒಂದು ಸಣ್ಣ ತೀರ್ಮಾನ. ನೂರು ವರ್ಷ ಆದಮೇಲೆ ಬಂದ ಶೋನವರಿಗೂ ಸಾಮಗ್ರಿ ಅದೇ ಇತ್ತು: ಬೆಂಕಿ ಎಂಜಿನ್ ಒಳಗೆ ಹೋಗಿತ್ತು, ಅಷ್ಟೇ ವ್ಯತ್ಯಾಸ. ಒಂದೇ ಒಂದು ಎಪಿಸೋಡಲ್ಲಿ, ಒಬ್ಬ ಡ್ರೈವರ್, ಒಂದು ರಾತ್ರಿ, ಆಫ್ ಮಾಡ್ಲಾ ಬೇಡ್ವಾ ಅನ್ನೋ ತೀರ್ಮಾನ, ಬೆಳಗ್ಗೆ ಕೀ. ನಗಾರಿ ಇಲ್ಲದೇ ತೋರಿಸಿದ್ದರೆ ನಮಗೆ ಉಸಿರು ಕಟ್ಟಿರೋದು.

ಇನ್ನು 2010ರ 'ಡೆಡ್ಲಿಯೆಸ್ಟ್ ರೋಡ್ಸ್'. ಅದೇ ಡ್ರೈವರ್‌ಗಳನ್ನ ಹಿಮಾಚಲಕ್ಕೆ ಕರ್ಕೊಂಡು ಬಂದು ನಮ್ಮ ಟಾಟಾ ಲಾರಿ ಹತ್ತಿಸಿದರು. ನಮ್ಮಲ್ಲಿ ಅನೇಕರು ಇದನ್ನ ನೋಡಿ 'ಇಂಡಿಯಾ ಅಂದರೆ ಸುಮ್ನೆ ಅಲ್ಲ' ಅಂತ ಹೆಮ್ಮೆಪಟ್ಟರು. ನನಗೆ ಹೆಮ್ಮೆಗಿಂತ ಕಸಿವಿಸಿಯೇ ಜಾಸ್ತಿ ಆಯ್ತು. ಪ್ರಪಾತ, ಹಾರ್ನು, ಎದುರಿಂದ ನುಗ್ಗೋ ಬಸ್ಸು. ಆ ದಾರಿಯನ್ನ ವರ್ಷಪೂರ್ತಿ ಓಡಿಸೋ ಸ್ಥಳೀಯ ಡ್ರೈವರ್‌ಗಳು ಇಲ್ಲಿ ಬರೀ ಎದುರಿಗೆ ಬರೋ ಗಂಡಾಂತರ. ಸ್ಪಿತಿ, ಲಡಾಖ್ ಕಡೆಯ ಚಳಿಗಾಲಕ್ಕೆ ಅವರು ಏನು ಮಾಡ್ತಾರೆ ಅಂತ ಕೇಳಿದ್ದರೆ ಒಂದು ಸೀಸನ್ನಿಗಾಗೋಷ್ಟು ಸಿಗ್ತಿತ್ತು. ಪ್ಲಗ್ ಪಾಯಿಂಟ್ ಇರೋ ಪಾರ್ಕಿಂಗ್ ಅಲ್ಲೆಲ್ಲಿ ಬರಬೇಕು? ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸೋದು, ಬೆಳಗ್ಗೆ ಮೊದಲ ಬಿಸಿಲು ಬೀಳೋ ಕಡೆ ಮೂತಿ ಮಾಡಿ ಲಾರಿ ನಿಲ್ಲಿಸೋದು, ಡೀಸೆಲ್ ಟ್ಯಾಂಕಿನ ಕೆಳಗೇ ಬೆಂಕಿ ಹಚ್ಚಿ ಪಕ್ಕದಲ್ಲಿ ಕೂರೋದು. ಓದುವಾಗಲೇ ಎದೆ ಝಲ್ ಅನ್ನತ್ತೆ ಅಲ್ವಾ, ಅವರಿಗೆ ಅದು ಬೆಳಗಿನ ಕೆಲಸ. ಮೈನಸ್ 33 ಡಿಗ್ರಿ ತನಕ ಗಟ್ಟಿಯಾಗದ ಚಳಿಗಾಲದ ಡೀಸೆಲನ್ನ ಇಂಡಿಯನ್ ಆಯಿಲ್ ಲಡಾಖ್‌ಗೆ ಕೊಡೋಕೆ ಶುರು ಮಾಡಿದ್ದು 2019ರ ನವೆಂಬರ್‌ನಲ್ಲಿ. ಡೀಸೆಲ್ ಗಟ್ಟಿಯಾಗದೇ ಇದ್ದರೂ ಎಂಜಿನ್ ಕಬ್ಬಿಣ ತಣ್ಣಗೇ ಇರತ್ತೆ, ಅದು ಬೇರೆ ಮಾತು.

ನೋಡಲೇಬೇಕು ಅಂದರೆ ಮೊದಲ ಸೀಸನ್ ನೋಡಿ, ಆಮೇಲೆ ಮೂರನೆಯದು. ಉಳಿದದ್ದು ಅದರದ್ದೇ ಜೆರಾಕ್ಸು. ಹಿಮಾಚಲದ್ದನ್ನ ಬಿಟ್ಟರೂ ನಷ್ಟ ಇಲ್ಲ. ನೋಡುವಾಗ ಒಂದು ಕೆಲಸ ಮಾಡಿ: ರಾತ್ರಿ ಯಾರ್ಡಿನಲ್ಲಿ ಸಾಲಾಗಿ ನಿಂತ ಲಾರಿಗಳ ಶಾಟ್ ಬಂದರೆ ಅಲ್ಲಿ ಪಾಸ್ ಒತ್ತಿ. ಒಂದು ಎಪಿಸೋಡಿಂದ ಇನ್ನೊಂದಕ್ಕೆ ಜಿಗಿಯೋಕೆ ಅಂತ ಹಾಕಿರೋ ಎರಡು ಸೆಕೆಂಡಿನ ಶಾಟು ಅದು, ನಿರೂಪಣೆ ಬೇರೆ ಏನನ್ನೋ ಹೇಳ್ತಿರತ್ತೆ. ಯಾವ ಲಾರಿಯ ಚಿಮಣಿಯಿಂದ ಆವಿ ಏಳ್ತಿದೆ, ಯಾವುದು ಸುಮ್ಮನೆ ನಿಂತಿದೆ, ಸುಮ್ಮನೆ ನಿಂತಿರೋದರ ಬಂಪರ್ ಕೆಳಗಿಂದ ವೈರು ಇಳಿದು ಕತ್ತಲ ಕಡೆ ಹೋಗಿದೆಯಾ ನೋಡಿ.